ಕಾಂಡ್ಲಾ ನೆಡುವ ಮೊದಲು ನೀರನ್ನು ಅಳೆಯಿರಿ

ಕಡಲು ಏರುತ್ತಿದೆ, ದಡ ಕೊರೆದು ಹೋಗುತ್ತಿದೆ, ಕಾಂಡ್ಲಾ (ಉಬ್ಬರದ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಸಸಿ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಇಷ್ಟು: ನಿಮ್ಮ ದಡದಲ್ಲಿ ಅದು ತಾನಾಗಿ ಏಕೆ ಹುಟ್ಟುತ್ತಿಲ್ಲ? ಕಾಂಡ್ಲಾದ ಹಲವು ಜಾತಿಗಳ ಬೀಜ ತಾಯಿಗಿಡದಲ್ಲೇ ಮೊಳೆತು, ಕಳಚಿ ಬಿದ್ದು, ಉಬ್ಬರದಲ್ಲಿ ತೇಲಿ ಬರುತ್ತದೆ. ಸಮೀಪದಲ್ಲೇ ಕಾಡಿದ್ದೂ ಒಂದು ಗಿಡವೂ ಬೇರೂರಿಲ್ಲವೆಂದರೆ ಅಲ್ಲಿ ಏನೋ ಅಡ್ಡಿಯಿದೆ. ಅದು ತಿಳಿಯುವವರೆಗೆ ಸಸಿಗೆ ಹಣ ಸುರಿಯಬೇಡಿ. ಫಿಲಿಪ್ಪೀನ್ಸ್‌ನಲ್ಲಿ ಅಪಾರ ಹಣ ಹಾಕಿ ನೆಟ್ಟ ಗಿಡಗಳಲ್ಲಿ ದೀರ್ಘಕಾಲ ಬದುಕಿದ್ದು ಸಾಮಾನ್ಯವಾಗಿ ನೂರಕ್ಕೆ 10ರಿಂದ 20 ಎಂದು ಸಂಶೋಧಕರಾದ ಪ್ರಿಮಾವೆರಾ ಮತ್ತು ಎಸ್ಟೆಬಾನ್ 2008ರಲ್ಲಿ ಬರೆದರು. ಅಲ್ಲಿ ಕಾಂಡ್ಲಾಕ್ಕೆ ಒಗ್ಗುವ ಎತ್ತರದ ಜಾಗಗಳಲ್ಲಿ ಹೆಚ್ಚಿನವು ಮೀನು ಸಾಕುವ ಕೊಳಗಳಾಗಿದ್ದವು. ಹಾಗಾಗಿ ಯಾರ ತಕರಾರೂ ಇಲ್ಲದ ತಗ್ಗಿನ ಕೆಸರು ಬಯಲಿನಲ್ಲಿ ನೆಟ್ಟರು, ಸಸಿಗಳು ಮುಳುಗಿ ಸತ್ತವು.

ಎತ್ತರವೇ ಇಲ್ಲಿ ಮುಖ್ಯ. ಕಾಂಡ್ಲಾ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ಆದರೆ ಸದಾ ನೀರಿನಲ್ಲೇ ನಿಂತರೆ ಬೇರಿಗೆ ಉಸಿರಿಲ್ಲ. ಒಟ್ಟು ಸಮಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾಲ ನೀರು ನಿಲ್ಲುವ ನೆಲ ಅದಕ್ಕೆ ಆಗದು. ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ, ಗಾಳಿಯಿಲ್ಲದ ದಿನ ನೋಡಿ, ಅಳತೆ ಗುರುತು ಮಾಡಿದ ಎರಡು ಕೋಲು ಹಿಡಿದು ಇಬ್ಬರು ಹೊರಡಿ. ಉಬ್ಬರ ತುಂಬಿ ನಿಂತ ಹೊತ್ತಿಗೆ ಒಬ್ಬರು ಹತ್ತಿರದ ಆರೋಗ್ಯವಂತ ಕಾಂಡ್ಲಾ ಕಾಡಿನ ಕಡಲ ಕಡೆಯ ಅಂಚಿನಲ್ಲಿ, ಇನ್ನೊಬ್ಬರು ನೆಡಬೇಕೆಂದಿರುವ ಜಾಗದಲ್ಲಿ ಒಂದೇ ಕ್ಷಣದಲ್ಲಿ ನೀರಿನ ಆಳ ನೋಡಬೇಕು. ನಿಮ್ಮ ಜಾಗದಲ್ಲಿ ಆಳ ಹೆಚ್ಚಿದ್ದರೆ ಅಲ್ಲಿ ನೆಡಬೇಡಿ, ಎಷ್ಟೇ ಆಸೆಯಿದ್ದರೂ. ಒಂದೇ ಅಳತೆಯನ್ನು ನಂಬದೆ ಬೇರೆ ಬೇರೆ ಉಬ್ಬರಗಳಲ್ಲಿ ಮತ್ತೆ ನೋಡಿ.

ಆಳ ಸರಿಯಿದ್ದೂ ಗಿಡವಿಲ್ಲವೇ? ಹಾಗಾದರೆ ನೀರಿನ ದಾರಿಯಲ್ಲಿ ನಡೆಯಿರಿ. ಹಳೆಯ ಸಿಗಡಿ ಕೊಳದ ದಂಡೆ, ಮೋರಿಯಿಲ್ಲದ ರಸ್ತೆ, ಹೂಳು ತುಂಬಿದ ಕಾಲುವೆ, ಇವುಗಳಲ್ಲಿ ಯಾವುದೋ ಒಂದು ಉಬ್ಬರವನ್ನು ತಡೆದಿರುತ್ತದೆ. ಕೊಳದ ಮಾಲೀಕರ ಒಪ್ಪಿಗೆ ಪಡೆದು, ಹಳೆಯ ಕಾಲುವೆ ಹರಿಯುತ್ತಿದ್ದ ಕಡೆಗಳಲ್ಲೇ ದಂಡೆ ಒಡೆಯಿರಿ. ನೀರು ಬಂದರೆ ಬೀಜವೂ ಬರುತ್ತದೆ. ಅಮೆರಿಕದ ಫ್ಲಾರಿಡಾದ ವೆಸ್ಟ್ ಲೇಕ್‌ನಲ್ಲಿ ಪರಿಸರ ವಿಜ್ಞಾನಿ ರಾಬಿನ್ ಲೂಯಿಸ್ ನೆಲದ ಎತ್ತರವನ್ನೂ ನೀರಿನ ಹರಿವನ್ನೂ ಸರಿಪಡಿಸಿದರು. ಕಾಂಡ್ಲಾ ತಾನೇ ಬಂದು ತುಂಬಿಕೊಂಡಿತು. ಸಮೀಪದಲ್ಲಿ ತಾಯಿಗಿಡಗಳೇ ಇಲ್ಲದಿದ್ದರೆ ಮಾತ್ರ ಬೀಜ ತಂದು ಊರಿ, ಅದೂ ಒಂದೇ ಜಾತಿಯದಲ್ಲ.

ಕೊರೆತದಿಂದ ನೆಲವೇ ತಗ್ಗಾಗಿದ್ದರೆ ಮೊದಲು ಹೂಳು ಕೂರಬೇಕು. ಇಂಡೊನೇಷ್ಯಾದ ಡೆಮಾಕ್‌ನಲ್ಲಿ ಕಂಬಗಳ ನಡುವೆ ಪೊದೆಯ ಕೊಂಬೆಗಳನ್ನು ಒತ್ತಿ ತುಂಬಿ, ನೀರು ಹಾಯುವ ಬೇಲಿ ಕಟ್ಟಿದರು. ಅಲೆ ಸೋತು, ಹೂಳು ಬೇಲಿಯ ಹಿಂದೆ ನಿಲ್ಲುತ್ತದೆ. ಆದರೆ ಮರ ಕೊರೆಯುವ ಜೀವಿಗಳು ಕಂಬಗಳನ್ನು ತಿಂದುಹಾಕುತ್ತವೆ, ದುರಸ್ತಿಗೆ ಹಣ ತೆಗೆದಿಡದೆ ಕೈಹಾಕಬೇಡಿ. ಅಲ್ಲಿ ಅಂತರ್ಜಲ ಎತ್ತಿ ಎತ್ತಿ ನೆಲ ಕುಸಿಯುತ್ತಿರುವುದರಿಂದ ಎಷ್ಟೋ ಕಡೆ ಕೂತ ಹೂಳೂ ಸಾಲುತ್ತಿಲ್ಲ. ನಿಮ್ಮಲ್ಲಿ ಕೊಳವೆಬಾವಿಗಳು ಹೆಚ್ಚಿದ್ದರೆ ಆ ಮಾತನ್ನು ಊರ ಸಭೆಯಲ್ಲಿ ಮೊದಲೇ ಎತ್ತಿ.

ದೋಣಿ ಹೋಗುವ ದಾರಿ, ಚಿಪ್ಪು ಹೆಕ್ಕುವ ಹೆಂಗಸರ ಜಾಗ ಯಾವುದೆಂದು ಅವರನ್ನೇ ಕೇಳಿ ಬಿಟ್ಟುಕೊಡಿ. ಎಳೆ ಗಿಡಗಳಿಗೆ ದನ, ಮೇಕೆ ಬಾಯಿ ಹಾಕದಂತೆ ಬೇಲಿ ಬೇಕು. ಕಾಡಿನ ಹಿಂದೆ, ಭೂಮಿಯ ಕಡೆಗೆ, ಖಾಲಿ ಜಾಗ ಉಳಿಸಲೇಬೇಕು: ಕಡಲು ಏರಿದಂತೆ ಕಾಂಡ್ಲಾ ಹಿಂದೆ ಸರಿಯುತ್ತದೆ, ಅಲ್ಲಿ ಕಾಂಕ್ರೀಟ್ ಗೋಡೆಯಿದ್ದರೆ ಗೋಡೆಗೂ ನೀರಿಗೂ ನಡುವೆ ಸಿಕ್ಕಿ ಸಾಯುತ್ತದೆ. ಆ ಜಾಗದಲ್ಲಿ ಯಾರೂ ಏನೂ ಕಟ್ಟಬಾರದೆಂಬ ಒಪ್ಪಂದವನ್ನು ಬರಹದಲ್ಲಿ ಮಾಡಿಸಿಕೊಂಡ ಮೇಲೆಯೇ ಗುದ್ದಲಿ ಎತ್ತಿ.