ಲಾಕ್‌ಅಪ್ ಹೊತ್ತಿಗೆ 'ಧಡ್' ಅನ್ನುತ್ತಾ? ಗೇರ್‌ಬಾಕ್ಸ್ ಇಳಿಸುವ ಮೊದಲು ಇಷ್ಟು ನೋಡಿ

ಆಟೋಮ್ಯಾಟಿಕ್ ಗಾಡಿಯಲ್ಲಿ, ಹೈವೇಯಲ್ಲಿ 60–70ರಲ್ಲಿ ಆರಾಮಾಗಿ ಹೋಗುತ್ತಿರುತ್ತೀರಿ. ಗೇರುಗಳೆಲ್ಲ ಏರಿ ಮುಗಿದಿವೆ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಕೂತಿದೆ. ಅಷ್ಟರಲ್ಲಿ ಸೀಟಿನ ಕೆಳಗಿನಿಂದ 'ಧಡ್' ಅಂತ ಒಂದು ಏಟು. ಆರ್‌ಪಿಎಂ ಮುಳ್ಳು 200–300 ಕೆಳಗಿಳಿದು ನಿಲ್ಲುತ್ತದೆ. ಪಕ್ಕದಲ್ಲಿ ಕೂತವರು "ಏನ್ರೀ ಅದು?" ಅನ್ನುತ್ತಾರೆ. ಗ್ಯಾರೇಜಿಗೆ ಹೋದರೆ ಹತ್ತೇ ನಿಮಿಷದಲ್ಲಿ ತೀರ್ಪು: "ಬಾಕ್ಸ್ ಇಳಿಸ್ಬೇಕು ಸಾರ್."

ತಕ್ಷಣ ಹೂಂ ಅನ್ನಬೇಡಿ. ನನ್ನ ಹಳೆಯ ಆರು ಗೇರಿನ ಸೆಡಾನ್ ಹೀಗೇ ಮಾಡಿದಾಗ ಎರಡು ಕಡೆ ಇದೇ ಮಾತು ಕೇಳಿದ್ದೆ. ಕೊನೆಗೆ ಬಾಕ್ಸ್ ಇಳಿಸದೆಯೇ ಸರಿಹೋಯಿತು. ಏನಾಗಿತ್ತು ಅಂತ ಮುಂದೆ ಬರುತ್ತದೆ.

ಮೊದಲು ನಿಮ್ಮ ಗಾಡಿಯಲ್ಲಿ ಟಾರ್ಕ್ ಕನ್ವರ್ಟರ್ ಇದೆಯಾ ನೋಡಿಕೊಳ್ಳಿ. ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಜಾತಿ ಅಲ್ಲ. ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವ ಎಎಂಟಿ ಗಾಡಿಗಳಲ್ಲಿ ಕನ್ವರ್ಟರ್ ಇರುವುದಿಲ್ಲ, ಡಬಲ್ ಕ್ಲಚ್ ಡಿಸಿಟಿಗಳಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಅವುಗಳ ಜರ್ಕ್‌ನ ಕಥೆಯೇ ಬೇರೆ. ಇನೋವಾ ಕ್ರಿಸ್ಟಾ, ಎಕ್ಸ್‌ಯುವಿ700, ಪೆಟ್ರೋಲ್ ಬ್ರೆಝಾ, ಡೀಸೆಲ್ ಕ್ರೆಟಾ, ಇವುಗಳ ಆಟೋಮ್ಯಾಟಿಕ್‌ನಲ್ಲಿ ಇರುವುದು ಕನ್ವರ್ಟರ್. ಗೇರುಗಳ ಬದಲು ಬೆಲ್ಟ್ ಮೇಲೆ ನಡೆಯುವ ಹಲವು ಸಿವಿಟಿಗಳಲ್ಲೂ ಇರುತ್ತದೆ.

ಒಳಗೆ ಆಗುವುದು ಇಷ್ಟೇ. ಮಜ್ಜಿಗೆ ಕಡೆಯುವಾಗ ಕಡೆಗೋಲಿನ ಜೊತೆ ಮಡಕೆಯೂ ತಿರುಗಲು ನೋಡುತ್ತದೆ ಅಲ್ವಾ? ಕಡೆಗೋಲಿನ ಬಲವನ್ನು ಮಜ್ಜಿಗೆ ಮಡಕೆಗೆ ದಾಟಿಸುತ್ತದೆ. ಕನ್ವರ್ಟರ್‌ನಲ್ಲೂ ಹಾಗೇ, ಎಂಜಿನ್ ಕಡೆಯ ರೆಕ್ಕೆ ಆಯಿಲನ್ನು ತಳ್ಳುತ್ತದೆ, ಆಯಿಲ್ ಗೇರ್‌ಬಾಕ್ಸ್ ಕಡೆಯ ಟರ್ಬೈನನ್ನು ತಿರುಗಿಸುತ್ತದೆ. ನಡುವೆ ಇರುವುದು ಬರೀ ಆಯಿಲ್, ಹಾಗಾಗಿ ಸ್ವಲ್ಪ ಜಾರುತ್ತದೆ, ಪೆಟ್ರೋಲ್ ದಂಡ, ಬಿಸಿಯೂ ಜಾಸ್ತಿ. ಅದಕ್ಕೇ ಒಂದು ವೇಗ ಬಂದ ಮೇಲೆ ಒಳಗಿನ ಕ್ಲಚ್ ಎರಡನ್ನೂ ಒಟ್ಟಿಗೆ ಹಿಡಿದುಬಿಡುತ್ತದೆ, ಕಡೆಗೋಲನ್ನೇ ಮಡಕೆಗೆ ಕಟ್ಟಿದ ಹಾಗೆ. ಇದೇ ಲಾಕ್‌ಅಪ್. ಹೊಸದೇನಲ್ಲ, ಅಮೆರಿಕದ ಪ್ಯಾಕರ್ಡ್ ಕಾರಿನಲ್ಲಿ 1949ರಲ್ಲೇ ಬಂದಿತ್ತು. ಈ ಹಿಡಿತ ಮೆಲ್ಲಗೆ ಬರಬೇಕು. ಒಮ್ಮೆಲೇ ಬಂದರೆ 'ಧಡ್'.

ಈಗ ಕೆಲಸಕ್ಕೆ ಬನ್ನಿ. ಏಟು ಲಾಕ್‌ಅಪ್‌ದೋ ಗೇರ್ ಬದಲಾಗುವಾಗಿನದೋ, ಇದು ಮೊದಲು ಗೊತ್ತಾಗಬೇಕು. ಇದನ್ನು ಬಿಟ್ಟು ಮುಂದೆ ಹೋದವರೇ ಸುಮ್ನೆ ದುಡ್ಡು ಕಳೆದುಕೊಳ್ಳುವುದು. ಬೆಳಗ್ಗೆ ಬೇಗ, ಟ್ರಾಫಿಕ್ ಇಲ್ಲದ ಸಮತಟ್ಟು ರಸ್ತೆ ಹುಡುಕಿ. ನಾನು ಹೋಗುವುದು ನೆಲಮಂಗಲ ದಾಟಿ ಕುಣಿಗಲ್ ಕಡೆ. ಗಾಡಿ 15–20 ಕಿ.ಮೀ. ಓಡಿ ಗೇರ್ ಆಯಿಲ್ ಬೆಚ್ಚಗಾಗಿರಬೇಕು, ಯಾಕೆಂದರೆ ಹಲವು ಗೇರ್‌ಬಾಕ್ಸುಗಳು ಆಯಿಲ್ ತಣ್ಣಗಿದ್ದಾಗ ಲಾಕ್ ಹಾಕುವುದೇ ಇಲ್ಲ. ಈಗ ಲಿವರ್ ಮ್ಯಾನ್ಯುಯಲ್ ಮೋಡ್‌ಗೆ ತಳ್ಳಿ 4ನೇ ಗೇರ್‌ನಲ್ಲಿ ನಿಲ್ಲಿಸಿ, 65ರಲ್ಲಿ ಒಂದೇ ಸಮ ಓಡಿಸಿ. ಗೇರ್ ಬದಲಾಗಲು ದಾರಿಯೇ ಇಲ್ಲ. ಆದರೂ ಆರ್‌ಪಿಎಂ ಇಳಿದು ಏಟು ಬಂದರೆ ಅನುಮಾನ ಲಾಕ್‌ಅಪ್ ಮೇಲೆ. ಬರಲೇ ಇಲ್ಲ, ಬರೀ 3ರಿಂದ 4ಕ್ಕೆ ಏರುವಾಗ ಮಾತ್ರ ಬರುತ್ತದೆ ಅಂದರೆ ನಿಮ್ಮ ತೊಂದರೆ ಬೇರೆ.

ಎರಡನೇ ಪರೀಕ್ಷೆ ಬ್ರೇಕ್‌ನದು, ನನಗೆ ತುಂಬಾ ಇಷ್ಟವಾದದ್ದು. ಅದೇ ವೇಗ, ಬಲಗಾಲು ಆಕ್ಸಿಲರೇಟರ್ ಮೇಲೆ ಅಲುಗಾಡದೆ ಇರಲಿ. ಎಡಗಾಲಿನಿಂದ ಬ್ರೇಕ್ ಪೆಡಲನ್ನು ಹಿಂದಿನ ದೀಪ ಹತ್ತುವಷ್ಟು ಮಾತ್ರ ಮುಟ್ಟಿ ಬಿಡಿ. ಗಾಡಿ ನಿಧಾನ ಆಗಬಾರದು. ಬ್ರೇಕ್ ಸ್ವಿಚ್ ಒತ್ತಿತು ಅಂತ ಕಂಪ್ಯೂಟರಿಗೆ ಗೊತ್ತಾದ ತಕ್ಷಣ ಹೆಚ್ಚಿನ ಗಾಡಿಗಳಲ್ಲಿ ಲಾಕ್ ಬಿಡುತ್ತದೆ, ಮುಳ್ಳು 150–300 ಮೇಲೇರುತ್ತದೆ. ಕಾಲು ತೆಗೆದ ಕೆಲವು ಸೆಕೆಂಡಿಗೆ ಮತ್ತೆ ಹಿಡಿಯುತ್ತದೆ. ಆ ಮತ್ತೆ ಹಿಡಿಯುವ ಕ್ಷಣಕ್ಕೇ ಸರಿಯಾಗಿ 'ಧಡ್' ಬಂತಾ? ಕಳ್ಳ ಸಿಕ್ಕಿದ. ಮೂರು ನಾಲ್ಕು ಸಲ ಮಾಡಿ ಖಚಿತ ಮಾಡಿಕೊಳ್ಳಿ. ಹಿಂದೆ ಗಾಡಿ ಇದ್ದರೆ ಮಾಡಬೇಡಿ, ಎಡಗಾಲಿಗೆ ಬ್ರೇಕ್ ಅಭ್ಯಾಸ ಇರುವುದಿಲ್ಲ, ಜೋರಾಗಿ ಬಿದ್ದುಬಿಡುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿ ಹಿಡಿದರೆ ಎಂಜಿನ್ ಶಕ್ತಿಯನ್ನೇ ಕಡಿಮೆ ಮಾಡುತ್ತವೆ, ಹಾಗಾಗಿ ಅರೆಕ್ಷಣ ಮುಟ್ಟಿದರೆ ಸಾಕು.

ಏಟು ಬೇರೆ, ನಡುಕ ಬೇರೆ. ಒಂದೇ ಸಲ ಗುದ್ದಿ ಸುಮ್ಮನಾದರೆ ಅದು ಗಟ್ಟಿ ಲಾಕ್‌ಅಪ್. ಟೋಲ್ ಹತ್ತಿರದ ಸಾಲು ಸಾಲು ಬಿಳಿ ಪಟ್ಟಿಗಳ ಮೇಲೆ ಹೋದ ಹಾಗೆ ಎರಡು ಮೂರು ಸೆಕೆಂಡ್ ಗಡಗಡ ಅಂದರೆ ಅದು ಷಡರ್. ಷಡರ್‌ನಲ್ಲಿ ಕ್ಲಚ್ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಅಲ್ಲಿ ಮೊದಲ ಅನುಮಾನ ಆಯಿಲ್ ಮೇಲೆ. ಗುದ್ದಿಗೆ ಮೊದಲ ಅನುಮಾನ ಕ್ಲಚ್ ಒತ್ತುವ ಆಯಿಲ್ ಪ್ರೆಶರ್ ಮೇಲೆ.

ವೇಷ ಹಾಕಿಕೊಂಡು ಬರುವವರು ಇಬ್ಬರಿದ್ದಾರೆ. ಒಂದು, ಎಂಜಿನ್ ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಆಗಾಗ ಸರಿಯಾಗಿ ಉರಿಯದಿರುವುದು. ಲಾಕ್ ಬಿದ್ದ ಮೇಲೆ ನಡುವೆ ಆಯಿಲಿನ ಮೆತ್ತೆ ಇರುವುದಿಲ್ಲ, ಹಾಗಾಗಿ ಅಲ್ಲಿಯವರೆಗೆ ಗೊತ್ತಾಗದ ಸಣ್ಣ ಮಿಸ್ಸಿಂಗ್ ಕೂಡ ನೇರ ಸೀಟಿಗೆ ಬಡಿಯುತ್ತದೆ. ಸಣ್ಣ ಏರಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಕಾಲು ಒತ್ತಿದಾಗ ಜಾಸ್ತಿಯಾದರೆ ಮೊದಲು ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸಿ. ಎರಡು, ಮೌಂಟಿಂಗ್, ಎಂಜಿನ್ ಕೂತಿರುವ ರಬ್ಬರ್ ಆಸರೆ. ಎಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟಿಂಗ್ ಹರಿದಿದ್ದರೆ ಸರಿಯಾದ ಲಾಕ್‌ಅಪ್ ಕೂಡ ಗುದ್ದಿದ ಹಾಗೆ ಕಾಣುತ್ತದೆ. ಬಾನೆಟ್ ತೆಗೆದು, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಡಿ ಮತ್ತು ಆರ್ ನಡುವೆ ಬದಲಿಸಿ. ಇನ್ನೊಬ್ಬರು ಪಕ್ಕದಿಂದ ನೋಡಲಿ, ಗಾಡಿ ಮುಂದೆ ಹಿಂದೆ ಯಾರೂ ನಿಲ್ಲಬೇಡಿ. ಎಂಜಿನ್ ಮೇಲೆದ್ದು ಕುಣಿದರೆ ಉತ್ತರ ಅಲ್ಲೇ ಇದೆ.

ಆಮೇಲೆ ಆಯಿಲ್. ಈಗಿನ ಹೆಚ್ಚಿನ ಗೇರ್‌ಬಾಕ್ಸುಗಳಿಗೆ ಡಿಪ್‌ಸ್ಟಿಕ್ ಇರುವುದಿಲ್ಲ. ಎಂಜಿನ್ ಓಡುತ್ತಿರುವಾಗ, ಗಾಡಿ ಸಮವಾಗಿ ನಿಂತಿರುವಾಗ, ಕಂಪನಿ ಹೇಳಿದ ಬಿಸಿಯಲ್ಲಿ, ಜಪಾನಿನ ಐಸಿನ್ ಕಂಪನಿಯ ಗೇರ್‌ಬಾಕ್ಸ್ ಹಲವಕ್ಕೆ 35–45 ಡಿಗ್ರಿ, ಕೆಳಗಿನ ಲೆವೆಲ್ ಪ್ಲಗ್ ಬಿಚ್ಚಿ ಹನಿಹನಿಯಾಗಿ ಬರುತ್ತದಾ ಅಂತ ನೋಡಬೇಕು. ಲೆವೆಲ್ ಕಡಿಮೆ ಇದ್ದರೆ ಪಂಪ್ ಗಾಳಿ ಎಳೆದು ಆಯಿಲ್ ನೊರೆಯಾಗುತ್ತದೆ. ನೊರೆಯಿಂದ ಪ್ರೆಶರ್ ನಿಲ್ಲುವುದಿಲ್ಲ. ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಟ್ಟು ಹತ್ತು ನಿಮಿಷ ಕಾಯಿರಿ. ತಿಳಿ ಕಂದು ಬಣ್ಣ ಸಮನಾಗಿ ಹರಡಿದರೆ ಹಳೆಯದು ಅಷ್ಟೇ. ನಡುವೆ ಕಪ್ಪು ಚುಕ್ಕೆ ಉಳಿದು, ಬೆರಳಿಗೆ ಮರಳಿನ ಹಾಗೆ ತಾಗಿ, ಸುಟ್ಟ ವಾಸನೆ ಬಂದರೆ ಕ್ಲಚ್ ಸವೆದು ಆಯಿಲಿಗೆ ಬರುತ್ತಿದೆ. ಆಯಿಲ್ ಪ್ಯಾನ್ ಒಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್ ಇರುವುದು ಮಾಮೂಲು, ಚೂರುಗಳು ಕಂಡರೆ ಮಾಮೂಲು ಅಲ್ಲ. ಇನ್ನು ಸ್ಟ್ರಾಬೆರಿ ಮಿಲ್ಕ್‌ಶೇಕ್ ಹಾಗೆ ಗುಲಾಬಿಯಾಗಿ ಗಟ್ಟಿಯಾಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ಸೋರಿ ಕೂಲೆಂಟ್ ಸೇರಿದೆ, ಅಲ್ಲಿಗೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ.

ಬಿಲ್ ಹುಡುಕಿ ಹಿಂದಿನ ಸಲ ಯಾವ ಆಯಿಲ್ ಹಾಕಿದ್ದರು ನೋಡಿ. ಟೊಯೊಟಾದ ಡಬ್ಲ್ಯುಎಸ್, ಹ್ಯುಂಡೈನ ಎಸ್‌ಪಿ-4, ಇವೆಲ್ಲ ಬೇರೆ ಬೇರೆ. ಕ್ಲಚ್ ಎಷ್ಟು ಮೆಲ್ಲಗೆ ಹಿಡಿಯಬೇಕು ಅನ್ನುವುದು ಆಯಿಲಿನಲ್ಲಿರುವ ಮದ್ದಿನ ಮೇಲೂ ನಿಂತಿದೆ. "ಎಲ್ಲಾ ಗಾಡಿಗೂ ಆಗುತ್ತೆ ಸಾರ್" ಅನ್ನುವ ಆಯಿಲ್ ಹಾಕಿದ ಮೇಲೆ ಏಟು ಶುರುವಾಗಿದ್ದರೆ ಬೇರೆ ಏನೂ ಹುಡುಕುವ ಮೊದಲು ಅದನ್ನು ಬದಲಿಸಿ. ಒಂದು ಸಲ ಕೆಳಗಿನಿಂದ ಬಿಟ್ಟರೆ ಅರ್ಧದಷ್ಟೂ ಬರುವುದಿಲ್ಲ, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತದೆ. 300–500 ಕಿ.ಮೀ. ಬಿಟ್ಟು ಎರಡು ಮೂರು ಸಲ ಬದಲಿಸಬೇಕು.

ಆಯಿಲ್ ಚೆನ್ನಾಗಿದೆ, ಏಟು ಇನ್ನೂ ಇದೆ ಅಂದರೆ ಸ್ಕ್ಯಾನರ್ ಹಾಕಿ. ಅಗ್ಗದ ಬ್ಲೂಟೂತ್ ಡಬ್ಬಿ ಎಂಜಿನ್ ಕೋಡ್ ಓದುತ್ತದೆ, ಗೇರ್‌ಬಾಕ್ಸ್ ಡೇಟಾ ಬೇಕಾದರೆ ನಿಮ್ಮ ಗಾಡಿಗೆ ಹೊಂದುವ ಆ್ಯಪ್ ಅಥವಾ ಒಳ್ಳೆಯ ಸ್ಕ್ಯಾನರ್ ಬೇಕು. ಪಿ0740ರಿಂದ ಪಿ0744ರವರೆಗಿನ ಕೋಡುಗಳೆಲ್ಲ ಲಾಕ್‌ಅಪ್ ಕ್ಲಚ್‌ಗೆ ಸೇರಿದವು. 0741 ಅಂದರೆ ಹಿಡಿಯುತ್ತಿಲ್ಲ, 0742 ಅಂದರೆ ಬಿಡುತ್ತಿಲ್ಲ, 0743 ವೈರಿಂಗ್ ಅಥವಾ ಸೊಲೆನಾಯ್ಡ್, ಅಂದರೆ ಆಯಿಲ್ ಪ್ರೆಶರನ್ನು ಹಿಡಿತದಲ್ಲಿಡುವ ವಿದ್ಯುತ್ ವಾಲ್ವ್. ಆದರೆ 0741 ಬಂತು ಅಂದ ಮಾತ್ರಕ್ಕೆ ಕನ್ವರ್ಟರ್ ಹೋಯಿತು ಅಂತ ಅಲ್ಲ. ಎಷ್ಟೋ ಸಲ ಕೋಡೇ ಇರುವುದಿಲ್ಲ, ನನ್ನ ಗಾಡಿಯಲ್ಲೂ ಇರಲಿಲ್ಲ.

ನಿಜವಾದ ಮಾಹಿತಿ ಇರುವುದು ಗ್ರಾಫ್‌ನಲ್ಲಿ. ಎರಡು ಗೆರೆ ಸಾಕು: ಸ್ಲಿಪ್ ಮತ್ತು ಲಾಕ್‌ಅಪ್ ಸೊಲೆನಾಯ್ಡ್‌ಗೆ ಕಂಪ್ಯೂಟರ್ ಕೊಡುವ ಆದೇಶ. ಎಂಜಿನ್ ಆರ್‌ಪಿಎಂನಲ್ಲಿ ಟರ್ಬೈನ್ ಆರ್‌ಪಿಎಂ ಕಳೆದರೆ ಸ್ಲಿಪ್. ಆರೋಗ್ಯವಾಗಿರುವ ಗೇರ್‌ಬಾಕ್ಸ್‌ನಲ್ಲಿ ಆದೇಶ ಮೆಲ್ಲಗೆ ಏರುತ್ತದೆ, ಅದರ ಜೊತೆಗೇ ಸ್ಲಿಪ್ ಇಳಿಜಾರಿನ ಹಾಗೆ 200ರಿಂದ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ನನ್ನ ಗಾಡಿಯಲ್ಲಿ ಆದೇಶ ಏರುತ್ತಲೇ ಇತ್ತು, ಸ್ಲಿಪ್ 240ರಲ್ಲಿ ಕದಲದೆ ನಿಂತಿತ್ತು, ಕಂಪ್ಯೂಟರ್ ಇನ್ನೂ ಇನ್ನೂ ಒತ್ತಿತು, ಆಮೇಲೆ ಒಮ್ಮೆಲೇ ಗೋಡೆಯಿಂದ ಬಿದ್ದ ಹಾಗೆ ಸೊನ್ನೆಗೆ. ಆ ಗೋಡೆಯೇ 'ಧಡ್'. ಆಯಿಲ್ ಪ್ರೆಶರ್ ದಾರಿಯಲ್ಲೆಲ್ಲೋ ಸೋರುತ್ತಿದೆ ಅಂತ ಅರ್ಥ. ಇದಕ್ಕೆ ತಿರುಗಾಮುರುಗಾ, ಆದೇಶ ಇನ್ನೂ ಕಡಿಮೆ ಇರುವಾಗಲೇ ಸ್ಲಿಪ್ ಕುಸಿದರೆ ವಾಲ್ವ್ ಅಥವಾ ಸೊಲೆನಾಯ್ಡ್ ಸಿಕ್ಕಿಹಾಕಿಕೊಂಡಿರಬಹುದು.

ಇನ್ನೊಂದು ಚಿತ್ರ ಇದೆ, ಆದೇಶದ ಗೆರೆಯೇ ಜಿಗಿಯುವುದು. ಆಗ ಗೇರ್‌ಬಾಕ್ಸ್ ನಿರಪರಾಧಿ, ಹೇಳಿದ್ದನ್ನು ಮಾಡುತ್ತಿದೆ. ಒಂದೇ ವೇಗದಲ್ಲಿ ಹೋಗುವಾಗ ಲಾಕ್ ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡಿದರೆ ಬ್ರೇಕ್ ಸ್ವಿಚ್ ನೋಡಿ. ಕಾಲು ಮುಟ್ಟದಿದ್ದರೂ ಸ್ಕ್ಯಾನರ್‌ನಲ್ಲಿ ಆನ್-ಆಫ್ ಮಿನುಗುತ್ತಿದ್ದರೆ ಆ ಸಣ್ಣ ಸ್ವಿಚ್ಚೇ ಕಾರಣ. ಇದಕ್ಕೆ ಬಾಕ್ಸ್ ಇಳಿಸಿದವರೂ ಇದ್ದಾರೆ ಅಂದರೆ ನನಗೆ ಆಶ್ಚರ್ಯ ಇಲ್ಲ. ಥ್ರಾಟಲ್ ಸೆನ್ಸರ್, ಸ್ಪೀಡ್ ಸೆನ್ಸರ್ ಗೆರೆಗಳೂ ನಡುನಡುವೆ ತುಂಡಾಗದೆ ಬರಬೇಕು. ಗೇರ್‌ಬಾಕ್ಸ್ ಕನೆಕ್ಟರ್ ಬಿಚ್ಚಿ ಪಿನ್‌ಗಳಲ್ಲಿ ಆಯಿಲ್ ಅಥವಾ ಹಸಿರು ಕಿಲುಬು ಇದೆಯಾ ನೋಡಿ. ಮೀಟರ್ ಇದ್ದರೆ ಸೊಲೆನಾಯ್ಡ್ ಅಳೆಯಿರಿ. ಟೊಯೊಟಾದ ಹಲವು ಗೇರ್‌ಬಾಕ್ಸುಗಳಲ್ಲಿ ಲಾಕ್‌ಅಪ್ ಸೊಲೆನಾಯ್ಡ್ 20 ಡಿಗ್ರಿಯಲ್ಲಿ 5.0ರಿಂದ 5.6 ಓಮ್ ತೋರಿಸಬೇಕು. ಬೇರೆ ಗಾಡಿಗೆ ಅದರ ಸರ್ವಿಸ್ ಮ್ಯಾನ್ಯುಯಲ್ ಅಂಕಿಯೇ ಪ್ರಮಾಣ.

ಇತ್ತೀಚೆಗೆ ಬ್ಯಾಟರಿ ತೆಗೆದಿದ್ದರೆ ಅಥವಾ ಯಾರಾದರೂ ರೀಸೆಟ್ ಮಾಡಿದ್ದರೆ ಕೆಲವು ದಿನ ಕಾಯಿರಿ, ಕಂಪ್ಯೂಟರ್ ಮತ್ತೆ ಕಲಿಯುತ್ತಿರಬಹುದು.

ಸರಿ, ಇಷ್ಟೆಲ್ಲ ಆಗಿ ಪ್ರೆಶರ್ ಸೋರಿಕೆಯೇ ಅಂತಾದರೆ ಮೊದಲ ಸರದಿ ವಾಲ್ವ್ ಬಾಡಿಯದು, ಆಯಿಲನ್ನು ಬೇಕಾದ ಕಡೆ ಕಳಿಸುವ ಭಾಗ ಅದು. ಅಲ್ಯೂಮಿನಿಯಂ ಬ್ಲಾಕ್‌ನಲ್ಲಿ ಲಾಕ್‌ಅಪ್ ವಾಲ್ವ್ ಲಕ್ಷಾಂತರ ಸಲ ಹಿಂದೆ ಮುಂದೆ ಆಡಿ ತೂತು ಸವೆಯುತ್ತದೆ, ಸಂದಿಯಲ್ಲಿ ಆಯಿಲ್ ನುಸುಳುತ್ತದೆ. ಆಯಿಲ್ ಬಿಸಿಯಾಗಿ ತೆಳುವಾದಷ್ಟೂ ನುಸುಳುವುದು ಜಾಸ್ತಿ. ಬೆಳಗ್ಗೆ ಚೆನ್ನಾಗಿದ್ದು ಒಂದು ಗಂಟೆ ಓಡಿದ ಮೇಲೆ ಗುದ್ದಲು ಶುರುವಾದರೆ ಇದನ್ನೇ ಮೊದಲು ಹಿಡಿಯಿರಿ. ನನ್ನ ಗಾಡಿಯದ್ದೂ ಇದೇ. ಎಷ್ಟೋ ಗಾಡಿಗಳಲ್ಲಿ ಪ್ಯಾನ್ ಬಿಚ್ಚಿದರೆ ವಾಲ್ವ್ ಬಾಡಿ ಹೊರಗೆ ಬರುತ್ತದೆ, ಬಾಕ್ಸ್ ಅಲ್ಲೇ ಇರುತ್ತದೆ. ತೂತು ಕೊರೆದು ಸ್ಲೀವ್ ಹಾಕಿಸಬಹುದು, ಇಲ್ಲವೇ ರೀಬಿಲ್ಡ್ ಮಾಡಿದ್ದು ತರಿಸಬಹುದು.

ಟಿಶ್ಯೂ ಮೇಲೆ ಕಪ್ಪು ಪುಡಿ ಕಂಡಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಕನ್ವರ್ಟರ್ ಇಳಿಸಲೇಬೇಕು, ಆ ಪುಡಿ ಹೋಗಿ ಕೂತಿರುವ ವಾಲ್ವ್ ಬಾಡಿಯನ್ನೂ ಕೂಲರ್ ಪೈಪುಗಳನ್ನೂ ತೊಳೆಸಬೇಕು. ಕನ್ವರ್ಟರ್ ಒಂದನ್ನೇ ಬದಲಿಸಿ ಪೈಪು ತೊಳೆಯದಿದ್ದರೆ ಹಳೆಯ ಪುಡಿ ಹೊಸ ಕನ್ವರ್ಟರಿಗೆ ಬರುತ್ತದೆ.

ರಿಪೇರಿ ಆದ ಮೇಲೆ ಸ್ಕ್ಯಾನರ್‌ನಲ್ಲಿ ಅಡಾಪ್ಟೇಶನ್, ಅಂದರೆ ಕಂಪ್ಯೂಟರಿಗೆ ಹೊಸದಾಗಿ ಕಲಿಸುವ ಕೆಲಸ, ಮಾಡಿಸಿ, ಮೆಕ್ಯಾನಿಕ್‌ರನ್ನೂ ಕೂರಿಸಿಕೊಂಡು ಹೊರಡಿ. ಆಯಿಲ್ ಪೂರ್ತಿ ಬಿಸಿಯಾಗಲಿ. ಅದೇ ಮ್ಯಾನ್ಯುಯಲ್ 4, ಅದೇ 65, ಎಡಗಾಲಲ್ಲಿ ಅದೇ ಬ್ರೇಕ್ ಪರೀಕ್ಷೆ. ಮುಳ್ಳು ಇಳಿಯುವುದು ಕಣ್ಣಿಗೆ ಕಾಣಬೇಕು, ಸೀಟಿಗೆ ಗೊತ್ತಾಗಬಾರದು. ಗೊತ್ತಾದರೆ ಬಾಕಿ ದುಡ್ಡು ಕೊಡುವ ಮೊದಲೇ ಹೇಳಿಬಿಡಿ.