ಹಳೆಯ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಪಾತ್ರಗಳ ಅಂಕಗಳನ್ನು ಸರಳಗೊಳಿಸುವ ಮನೆ ನಿಯಮ

ಕಲಬುರಗಿಯ ನಮ್ಮ ಮನೆಯಲ್ಲಿ ಭಾನುವಾರ ಐದು ಜನ ಕೂಡಿ 1978ರ ಅಡ್ವಾನ್ಸ್ಡ್ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ, ತಲಾ ಒಂದು ಪಾತ್ರ ವಹಿಸಿ ದಾಳ ಉರುಳಿಸುತ್ತ ಕಥೆ ನಡೆಸುವ ಆಟದ ನಿಯಮಗಳಂತೆ ಆಡಲು ಕುಳಿತಾಗ, ಆಡುವುದಕ್ಕಿಂತ ಕೋಷ್ಟಕ ಹುಡುಕುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಪಾತ್ರದ ಆರು ಗುಣಗಳಲ್ಲಿ ಶಕ್ತಿ ಒಂದರ ಅಂಕಕ್ಕೇ ಏಟು ತಾಗುವುದು, ಏಟಿನ ಪೆಟ್ಟು (ಎದುರಾಳಿಗೆ ಆಗುವ ಹಾನಿ), ಹೊರುವ ಭಾರ, ಬಾಗಿಲು ತಳ್ಳುವುದು, ಸರಳು ಬಗ್ಗಿಸುವುದು ಎಂದು ಬೇರೆ ಬೇರೆ ಕಾಲಮುಗಳಿವೆ. ಯೋಧನಿಗೆ 18 ಬಂದರೆ ಮತ್ತೊಮ್ಮೆ ದಾಳ ಉರುಳಿಸಿ 18/01ರಿಂದ 18/00ರವರೆಗಿನ (00 ಎಂದರೆ ನೂರು) ಒಂದು ಅಂಕವನ್ನು ಗೊತ್ತುಮಾಡಬೇಕು. ಇಷ್ಟೆಲ್ಲ ಮಾಡಿದರೂ ಶಕ್ತಿ 8 ಇರುವವನ ಏಟಿಗೂ 15 ಇರುವವನ ಏಟಿಗೂ ಯಾವ ವ್ಯತ್ಯಾಸವೂ ಇಲ್ಲ ಎಂಬುದು ನನಗೆ ಎಂದೂ ಸರಿಕಂಡಿಲ್ಲ.

ಆದ್ದರಿಂದ ಇದೇ ಆಟದ 1981ರ ಬೇಸಿಕ್ ಆವೃತ್ತಿಯಲ್ಲಿ ಶಕ್ತಿಗೆ ಇರುವ ಚಿಕ್ಕ ಕೋಷ್ಟಕವನ್ನೇ ಆರೂ ಗುಣಗಳಿಗೆ ಅನ್ವಯಿಸಿ. ಮೂರು ಆರುಮುಖದ ದಾಳಗಳ ಮೊತ್ತ 3 ಆದರೆ ಮಾಡಿಫೈಯರ್ (ಲೆಕ್ಕಕ್ಕೆ ಕೂಡಿಸುವ ಅಥವಾ ಕಳೆಯುವ ಅಂಕ) −3, 4-5ಕ್ಕೆ −2, 6ರಿಂದ 8ಕ್ಕೆ −1, 9ರಿಂದ 12ಕ್ಕೆ ಸೊನ್ನೆ, 13ರಿಂದ 15ಕ್ಕೆ +1, 16-17ಕ್ಕೆ +2, 18ಕ್ಕೆ +3. ಹಾಳೆಯ ಮೇಲೆ ಮಾಡಿಫೈಯರ್ ಮಾತ್ರ ಬರೆದುಕೊಂಡು ಮೂಲ ಅಂಕವನ್ನು ಬಿಟ್ಟುಬಿಡಿ. ಮೂರು ದಾಳಗಳು ಬೀಳಬಹುದಾದ 216 ಬಗೆಗಳಲ್ಲಿ 104 ಸೊನ್ನೆಗೇ ಹೋಗುತ್ತವೆ, +3 ಸಿಗುವುದು ಒಂದರಲ್ಲಿ ಮಾತ್ರ. ಹೀಗಾಗಿ ಅದರ ಬೆಲೆ ಕುಗ್ಗುವುದಿಲ್ಲ.

ಅಂಕವೇ ಇಲ್ಲದಿದ್ದರೆ ಗುಣದ ಪರೀಕ್ಷೆ ಹೇಗೆ ಎಂಬ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. ಬೇಸಿಕ್ ಆವೃತ್ತಿಯಲ್ಲಿ ಬಿಗಿದುಕೊಂಡ ಬಾಗಿಲನ್ನು ತಳ್ಳಲು ಒಂದು ಆರುಮುಖದ ದಾಳದಲ್ಲಿ 1 ಅಥವಾ 2 ಬೀಳಬೇಕು. ಆ 2ಕ್ಕೆ ಮಾಡಿಫೈಯರ್ ಕೂಡಿಸುವ ಕ್ರಮವನ್ನೇ ನಾವು ಎಲ್ಲ ಕೆಲಸಗಳಿಗೂ ಹಬ್ಬಿಸಿದೆವು. 1 ಬಿದ್ದರೆ ಯಾವಾಗಲೂ ಗೆಲುವು, 6 ಬಿದ್ದರೆ ಯಾವಾಗಲೂ ಸೋಲು. ನಮ್ಮ ಆಟ ನಡೆಯುವುದು ಬೀದರಿನ ಬಹಮನಿ ಕಾಲದ ಕರೇಜ್ (ನೆಲದಡಿಯ ನೀರಿನ ಕಾಲುವೆ) ಸುರಂಗವನ್ನು ಹೋಲುವ ಕತ್ತಲ ಕಾಲುವೆಯಲ್ಲಿ. ಅಲ್ಲಿಯ ಬಾವಿಗಂಡಿಯಿಂದ ಹಗ್ಗ ಹಿಡಿದು ಇಳಿಯುವ ಕಳ್ಳಿಗೆ ಚುರುಕುತನ +2 ಇದ್ದರೆ ದಾಳದಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಸಾಕು. −1 ಇರುವ ಪುರೋಹಿತನಿಗೆ 1 ಮಾತ್ರ. ಅವನು ಎರಡು ಸಲ ಜಾರಿ ಮೂರನೆಯ ಸಲ ಇಳಿದಾಗ, ಕೋಷ್ಟಕದ ಪುಟವನ್ನು ಯಾರೂ ತಿರುವಿರಲಿಲ್ಲ.

18/76ರ ಯೋಧನನ್ನು ಆಡುತ್ತಿದ್ದ ಗೆಳೆಯ ಮಾತ್ರ ಮುನಿಸಿಕೊಂಡ. ಹಳೆಯ ಲೆಕ್ಕದಲ್ಲಿ ಅವನಿಗೆ ಏಟು ತಾಗಲು +2, ಏಟಿನ ಪೆಟ್ಟಿಗೆ +4 ಇತ್ತು. ಹೊಸದರಲ್ಲಿ ಎರಡಕ್ಕೂ +3 ಆಯಿತು. ಅದಕ್ಕೆ ಸಮಾಧಾನವಾಗಿ, ಶಕ್ತಿಯ ಲಾಭ ಏಟು ತಾಗುವುದಕ್ಕೆ ಯೋಧರಿಗೆ ಮಾತ್ರ, ಉಳಿದವರಿಗೆ ಪೆಟ್ಟಿನಲ್ಲಷ್ಟೇ ಎಂದು ಸೇರಿಸಿದೆವು.

ಆರ್ಮರ್ ಕ್ಲಾಸ್ (ಏಟಿನಿಂದ ರಕ್ಷಣೆ ಎಷ್ಟು ಎಂಬ ಅಂಕ) ಇಳಿದಷ್ಟೂ ಒಳ್ಳೆಯದು ಎಂಬ ಗೋಜಲನ್ನು 20ರಿಂದ ಕಳೆದು ಬಿಡಿಸಿಕೊಳ್ಳಿ: 10 ಇದ್ದದ್ದು 10 ಆಗಿಯೇ ಉಳಿಯುತ್ತದೆ, 2 ಇದ್ದದ್ದು 18 ಆಗುತ್ತದೆ. ರಾಕ್ಷಸರ ವಿವರಗಳಲ್ಲಿ ಶಕ್ತಿ, ಚುರುಕುತನದ ಅಂಕಗಳು ಸಾಮಾನ್ಯವಾಗಿ ಇರುವುದೇ ಇಲ್ಲವಾದ್ದರಿಂದ ಅಲ್ಲಿ ಮತ್ತೇನನ್ನೂ ಬದಲಿಸಬೇಕಾಗಿಲ್ಲ. ಮಾಂತ್ರಿಕನು ಮಂತ್ರ ಕಲಿಯುವ ಸಾಧ್ಯತೆಗೆ ಮಾತ್ರ ಬುದ್ಧಿಯ ಮೂಲ ಅಂಕ ಬೇಕಾಗುತ್ತದೆ. ಅದನ್ನು ಅವನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳಿ.