ಹಳೇಬೀಡಿನ ಆನೆಯನ್ನು ಪಿಕ್ಸೆಲ್‌ಗಳಲ್ಲಿ ಬಿಡಿಸುವುದು ಹೇಗೆ?

ವಿಡಿಯೊ ಗೇಮ್‌ಗಾಗಿ ಪಿಕ್ಸೆಲ್ ಚಿತ್ರ ಕಲಿಯಲು ಹೊರಟವರು ಸಾಮಾನ್ಯವಾಗಿ ಬಣ್ಣಗಳಿಗೆ ಕೈಹಾಕುತ್ತಾರೆ. ಆದರೆ ಮೊದಲು ಹಿಡಿಯಬೇಕಾದುದು ಪಿಕ್ಸೆಲ್ ಎಂಬ ಪುಟ್ಟ ಚೌಕಗಳ ಲೆಕ್ಕ. ಒಂದೇ ವಸ್ತುವನ್ನು ಬೇರೆ ಬೇರೆ ಮಿತಿಗಳೊಳಗೆ ಬಿಡಿಸಿ ನೋಡಿದರೆ ಶೈಲಿಗಳ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಹಾಸನ ಜಿಲ್ಲೆಯವರು ವಸ್ತುವಿಗಾಗಿ ಅಲೆಯಬೇಕಾಗಿಲ್ಲ: ಹೊಯ್ಸಳೇಶ್ವರ ದೇವಾಲಯದ ಗೋಡೆಯ ಕೆಳಗಿನ ಪಟ್ಟಿಕೆಯಲ್ಲಿ ಸಾಲುಗಟ್ಟಿರುವ ಆನೆಗಳಲ್ಲಿ ಒಂದರ ಫೋಟೊ ತೆಗೆದುಕೊಂಡರೆ ಸಾಕು.

ಮೊದಲಿಗೆ, ಉಚಿತವಾಗಿ ದೊರೆಯುವ ಪಿಸ್ಕೆಲ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ 16×16 ಚೌಕಗಳ ಹಾಳೆ ತೆರೆದು, ಒಂದೇ ಬಣ್ಣದಲ್ಲಿ ಆನೆಯ ಆಕಾರವನ್ನಷ್ಟೇ ತುಂಬಿಸಿ. ಇರುವುದು 256 ಚೌಕಗಳು. ಆದ್ದರಿಂದ ಸೊಂಡಿಲನ್ನು ಇರುವುದಕ್ಕಿಂತ ದಪ್ಪಗೆ ಬಿಡಿಸಲು ಸಂಕೋಚಪಡಬೇಡಿ. 1981ರ ‘ಡಾಂಕಿ ಕಾಂಗ್’ ಆಟದ ನಾಯಕನಿಗೆ ಟೋಪಿ, ಮೀಸೆ ಬಂದದ್ದೂ ಅಷ್ಟು ಚಿಕ್ಕ ಜಾಗದಲ್ಲಿ ಕೂದಲು, ಬಾಯಿಗಳನ್ನು ಬಿಡಿಸುವುದು ಕಷ್ಟವಾಗಿದ್ದರಿಂದಲೇ.

ಎರಡನೆಯದು, 160×144 ಪಿಕ್ಸೆಲ್‌ಗಳ ಪರದೆಯ, ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ಗೇಮ್ ಬಾಯ್ ಶೈಲಿ. ಇಲ್ಲಿ ದೊರೆಯುವುದು ನಾಲ್ಕೇ ಛಾಯೆಗಳು. ಬೆಳಕು ಒಂದು ಬದಿಯಿಂದ ಬೀಳಲಿ. ಅಂಚಿನ ಸುತ್ತಲೂ ಕಪ್ಪು, ನಡುವೆ ಬಿಳುಪು ಬಳಿದರೆ ಆನೆಯು ದಿಂಬಿನಂತೆ ಕಾಣುತ್ತದೆ. ಎರಡು ಛಾಯೆಗಳನ್ನು ಚದುರಂಗದ ಮಣೆಯಂತೆ ಬೆರೆಸುವ ಡಿದರಿಂಗ್‌ನಿಂದ ಸವೆದ ಕಲ್ಲಿನ ಒರಟುತನ ಮೂಡುತ್ತದೆ. ಕಲಿಯುವವರು ಹೆಚ್ಚು ದಿನ ಉಳಿಯಬೇಕಾದುದು ಈ ಹಂತದಲ್ಲೇ ಎಂಬುದು ನನ್ನ ಅಭಿಪ್ರಾಯ.

ಮುಂದೆ 8-ಬಿಟ್ ಶೈಲಿ. ನಿಂಟೆಂಡೊದ ಎನ್‌ಇಎಸ್ ಗೇಮ್ ಯಂತ್ರದಲ್ಲಿ 8×8ರ ಒಂದು ಸ್ಪ್ರೈಟ್‌ಗೆ (ಪರದೆಯ ಮೇಲೆ ಚಲಿಸುವ ಚಿತ್ರದ ತುಂಡಿಗೆ) ಪಾರದರ್ಶಕ ಭಾಗ ಬಿಟ್ಟು ಮೂರೇ ಬಣ್ಣಗಳು. ನಮ್ಮ ಆನೆಗೆ ಇಂಥ ನಾಲ್ಕು ತುಂಡುಗಳು ಬೇಕು. ಬೆನ್ನಿನ ಜೂಲಿಗೆ ಬೇರೆ ಬಣ್ಣ ಬೇಕಾದರೆ ಅದು ಪ್ರತ್ಯೇಕ ತುಂಡಿನೊಳಗೆ ಕೂರುವಂತೆ ಯೋಜಿಸಬೇಕು.

16-ಬಿಟ್ ಶೈಲಿಗೆ ಹಾಳೆಯನ್ನು 32×32ಕ್ಕೆ ಹಿಗ್ಗಿಸಿ. 1990ರಲ್ಲಿ ಬಂದ ನಿಂಟೆಂಡೊದ 16-ಬಿಟ್ ಯಂತ್ರ ಸೂಪರ್ ಫ್ಯಾಮಿಕಾಮ್‌ಗೆ 32,768 ಬಣ್ಣಗಳು ಗೊತ್ತಿದ್ದರೂ ಒಂದು ಸ್ಪ್ರೈಟ್‌ಗೆ ಸಿಗುತ್ತಿದ್ದುದು 15 ಮಾತ್ರ. ನೆರಳಿಗೆ ಬರಿಯ ಕಪ್ಪು ಬೆರೆಸದೆ ನೀಲಿಯತ್ತ, ಬೆಳಕಿಗೆ ಹಳದಿಯತ್ತ ಬಣ್ಣವನ್ನು ಸರಿಸಿದರೆ ಕಲ್ಲಿಗೆ ಜೀವ ಬರುತ್ತದೆ.

ವಸ್ತುವನ್ನು ಮೇಲಿನಿಂದ ಓರೆಯಾಗಿ ತೋರಿಸುವ ಐಸೊಮೆಟ್ರಿಕ್ ನೋಟದ ಗೆರೆ ಎರಡು ಚೌಕ ಅಡ್ಡ ಹೋಗಿ ಒಂದು ಚೌಕ ಮೇಲೇರುತ್ತದೆ. ದೇವಾಲಯದ ನಕ್ಷತ್ರಾಕಾರದ ಜಗತಿಯ (ದೇವಾಲಯ ನಿಂತ ಕಟ್ಟೆಯ) ಹಲವು ಕೋನಗಳು ಈ ಅಳತೆಗೆ ಒಗ್ಗುವುದಿಲ್ಲವಾದ್ದರಿಂದ ಮೊದಲು ಮೆಟ್ಟಿಲುಗಳಲ್ಲಿ ಕೈ ಪಳಗಿಸಿಕೊಳ್ಳಿ.

ಪಟ್ಟಿಕೆಯನ್ನೇ ಹಿನ್ನೆಲೆಯಾಗಿಸುವುದಾದರೆ ಒಂದೇ ಆನೆಯನ್ನು ಸಾಲಾಗಿ ಅಂಟಿಸಬೇಡಿ. ಶಿಲ್ಪಿಗಳೂ ಹಾಗೆ ಮಾಡಲಿಲ್ಲ. ಸೊಂಡಿಲು, ಕಾಲುಗಳನ್ನು ತುಸು ಬದಲಿಸಿದ ಮೂರು ಆನೆಗಳನ್ನು ಅದಲುಬದಲು ಜೋಡಿಸಿ.

ಚಿತ್ರವನ್ನು ಜೆಪೆಗ್‌ನಲ್ಲಿ ಉಳಿಸಿದರೆ ಅಂಚುಗಳು ಮಸುಕಾಗುತ್ತವೆ, ಪಿಎನ್‌ಜಿಯೇ ಇರಲಿ. ಹಿಗ್ಗಿಸುವಾಗ ಎರಡು, ಮೂರು, ನಾಲ್ಕು ಪಟ್ಟು ಎಂಬಂತೆ ಪೂರ್ಣಸಂಖ್ಯೆಯನ್ನೇ ಬಳಸಿ. ಕೊನೆಗೆ ಎಲ್ಲ ಆನೆಗಳನ್ನೂ ಬೂದು ಹಿನ್ನೆಲೆಯಲ್ಲಿ ನಿಜವಾದ ಗಾತ್ರದಲ್ಲೇ ಓಡಿಸಿ ನೋಡಿ, ಚಲಿಸುವಾಗಲೂ ಸೊಂಡಿಲು ಸ್ಪಷ್ಟವಾಗಿ ಕಾಣುವ ಶೈಲಿಯನ್ನೇ ಆಟಕ್ಕೆ ಆರಿಸಿಕೊಳ್ಳಿ.